ಒಳಗೆ ಆಳಿದ್ದರೆ ಮೆಲ್ಲಗೆ

ನಮ್ಮ ಸೋದರಮಾವ ಕುರ್ಚಿಯಿಂದ ಎದ್ದು ನಿಲ್ಲುವಷ್ಟರಲ್ಲಿ ಬಂಗಾರಪೇಟೆ ಬಿಟ್ಟ ರೈಲು ಉರಿಗಾಂ ತಲುಪುತ್ತಿತ್ತು! ದಾಖಲೆಗಾಗಿ ತಿದ್ದುತ್ತೇನೆ: ಅರ್ಧ ದಾರಿಯಷ್ಟೇ ಬರುತ್ತಿತ್ತು.

ಮಾವ ಕೋರಮಂಡಲ್ ಚಿನ್ನದ ಗಣಿಯಲ್ಲಿ ವೈಂಡಿಂಗ್ ಡ್ರೈವರ್. ಎಂಜಿನ್ನಿನ ಲಿವರ್ ಹಿಡಿದು, ಉಕ್ಕಿನ ಹಗ್ಗಕ್ಕೆ ತೂಗುಬಿದ್ದ ಕಬ್ಬಿಣದ ಕೇಜನ್ನು ಭೂಮಿಯೊಳಕ್ಕೆ ಇಳಿಸುವುದು, ಏರಿಸುವುದು ಅವರ ಕೆಲಸ. ಅಪ್ಪಣೆಯೆಲ್ಲ ಗಂಟೆಯಲ್ಲೇ. ಅದಿರಿಗೆ ಒಂದು ಬಗೆಯ ಗಂಟೆ, ಆಳುಗಳಿಗೆ ಇನ್ನೊಂದು. ಅದಿರಾದರೆ ಬಿರುಸಾಗಿ, ಆಳಿದ್ದರೆ ಮೆಲ್ಲಗೆ. ತೊಂದರೆ ಏನೆಂದರೆ, ಮನೆಯಲ್ಲೂ ಅವರಿಗೆ ಆಳುಗಳ ಗಂಟೆಯೇ ಕೇಳಿಸುತ್ತಿತ್ತು. ಬಿಂದಿಗೆ ಇಳಿಸುವಾಗ, ಬಾಗಿಲು ಮುಚ್ಚುವಾಗ, ಮುದ್ದೆಯ ತುತ್ತನ್ನು ಸಾರಿಗೆ ಅದ್ದುವಾಗ ಕೂಡ ಒಂದಿಷ್ಟೂ ಕುಲುಕಾಟ ಇರಕೂಡದು!

"ಮುದ್ದೆ ಒಳಗೆ ಯಾರವ್ರೆ ಅಂತ ಅಂಗೆ ಇಳಿಸ್ತೀರಾ? ಬೇಗ ನುಂಗಿ, ಸಾರು ಆರೋಯ್ತು!" ಎಂದು ಅತ್ತೆ ಗದರುತ್ತಿದ್ದರು.

ನಾನೋ, ಬಂಗಾರಪೇಟೆಯಿಂದ ಬಂದ ಪಿ.ಯು.ಸಿ. ವಿದ್ಯಾವಂತ. ಅಂದರೆ ಭೌತಶಾಸ್ತ್ರದಲ್ಲಿ ಎರಡು ಸಲ ನಪಾಸಾದವನು. ಮೂರನೆಯ ಸಲವೂ ಹೋದರೆ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕೆಂದು ಅಪ್ಪ ತೀರ್ಪು ಕೊಟ್ಟಾಗಿತ್ತು. ಓದಲೆಂದು ಮಾವನ ಮನೆ ಸೇರಿದ್ದೆ. ಆದರೆ ಓದುವುದಕ್ಕಿಂತ ಪಾಠ ಹೇಳುವುದು ಸುಲಭವಲ್ಲವೇ? ಮಾವನಿಗೇ ಶುರುಮಾಡಿದೆ.

ಒಮ್ಮೆ ಇಬ್ಬರೂ ರೈಲಿನಲ್ಲಿ ನಿಂತು ಬರುತ್ತಿದ್ದೆವು. "ಚಲನೆಯ ಮೊದಲನೇ ನಿಯಮ ಕೇಳಿ ಮಾವ. ನಿಂತದ್ದು ನಿಂತೇ ಇರುತ್ತೆ, ಓಡೋದು ಓಡ್ತಾನೇ ಇರುತ್ತೆ, ಹೊರಗಿನ ಬಲ ಬಂದು..." ಎನ್ನುವಷ್ಟರಲ್ಲಿ ಬ್ರೇಕ್ ಬಿತ್ತು. ರೈಲು ನಿಂತಿತು. ನಾನು ನಿಲ್ಲಲಿಲ್ಲ! ಹೋಗಿ ಎದುರಿನ ಹೆಂಗಸಿನ ಟೊಮೇಟೊ ಬುಟ್ಟಿಯಲ್ಲಿ ಕುಳಿತೆ.

"ಓದಿರೋ ಮಖ ನೋಡು! ಬುಟ್ಟೀಲಿ ಕುಂತ್ಕಳಾಕೆ ಟಿಕೀಟು ತಗಂಡಿದ್ಯೇನ್ಲಾ?" ಎಂದಳು ಆಕೆ.

ಏನನ್ನೂ ಹಿಡಿಯದೆ, ಒಂದು ಕಾಲು ಮುಂದಿಟ್ಟು ಕಂಬದಂತೆ ನಿಂತಿದ್ದ ಮಾವ ಹೇಳಿದರು: "ಮೊದಲ್ನೇದು ಅರ್ಥ ಆಯ್ತು ಕಣ್ಲಾ. ಎರಡ್ನೇದು ಮನೇಲಿ ತೋರ್ಸು."

ಮನೆಯಲ್ಲಿ ತೋರಿಸಿದೆ. ಬಲವೆಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಮಾವ ಕೇಳಿದರು: "ಒಳಗಿರೋದು ಆಳೋ, ಅದಿರೋ?"

"ಸೂತ್ರಕ್ಕೆ ಎರಡೂ ಒಂದೇ ಮಾವ."

"ಎರಡೂ ಒಂದೇ ಅನ್ನೋನ ಕೈಗೆ ಲಿವರ್ ಕೊಡಬಾರ್ದು."

ಮೂರನೆಯ ನಿಯಮಕ್ಕೆ ನಾನು ಹೋಗಲಿಲ್ಲ.

ಪರೀಕ್ಷೆ ಬಂತು. ಒಬ್ಬ ಮನುಷ್ಯ ಲಿಫ್ಟಿನಲ್ಲಿ ನಿಂತಿದ್ದಾನೆ, ಲಿಫ್ಟು ಇಂತಿಷ್ಟು ವೇಗೋತ್ಕರ್ಷದಿಂದ ಇಳಿಯುತ್ತಿದೆ, ಅವನ ತೂಕ ಎಷ್ಟೆಂದು ಕಾಣುತ್ತದೆ? ಲೆಕ್ಕ ಬಾಯಿಪಾಠವಾಗಿತ್ತು. ಆದರೆ ಆ ಬಿರುಸು ನೋಡಿ ನನ್ನ ಕೈ ನಿಂತುಹೋಯಿತು. ಕೊನೆಗೆ ಹೀಗೆ ಬರೆದೆ: 'ಒಳಗೆ ಮನುಷ್ಯನಿರುವುದರಿಂದ ಇಷ್ಟು ಬಿರುಸಾಗಿ ಇಳಿಸತಕ್ಕದ್ದಲ್ಲ.' ಅಡಿಗೆರೆಯನ್ನೂ ಎಳೆದೆ!

ಇದಕ್ಕೆ ಯಾವ ಪರೀಕ್ಷಕ ಅಂಕ ಕೊಟ್ಟಾನು? ಮೂರನೆಯ ಸಲವೂ ನಪಾಸು.

ಅಪ್ಪನಿಗೆ ಹೇಳುವ ಧೈರ್ಯವಿಲ್ಲದೆ ನೇರ ಮಾವನ ಎಂಜಿನ್ ಮನೆಗೆ ಹೋದೆ. ಮಧ್ಯಾಹ್ನದ ಪಾಳಿ ಬದಲಾಗುತ್ತಿತ್ತು. ಕೇಜಿನಲ್ಲಿ ಆಳಿರುವಾಗ ಡ್ರೈವರನ್ನು ಮಾತಾಡಿಸಕೂಡದು. ಗೋಡೆಗೊರಗಿ ನಿಂತೆ. ಮಾವನ ಕಣ್ಣು, ಕೇಜು ಎಲ್ಲಿದೆಯೆಂದು ತೋರಿಸುವ ಎದುರಿನ ಮುಳ್ಳಿನ ಮೇಲೇ ಇತ್ತು. ಕೊನೆಯ ಕೇಜು ಮೇಲೆ ಬಂದು ನಿಂತ ಮೇಲೆ ತಿರುಗಿದರು.

"ಓಯ್ತಾ?"

"ಹೋಯ್ತು ಮಾವ." ಬರೆದ ಉತ್ತರವನ್ನೂ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಆ ಲಿಫ್ಟಲ್ಲಿದ್ದೋನು ಯಾರು ಅಂತ ಬರ್ದಿದ್ರಾ?"

"ಇಲ್ಲ. ಒಬ್ಬ ಮನುಷ್ಯ, ಅಷ್ಟೇ."

"ನಂಗೂ ಅಷ್ಟೇ ಕಣ್ಲಾ. ಇಷ್ಟು ವರ್ಸ ಇಳಿಸಿದೀನಿ, ಹತ್ತಿಸಿದೀನಿ. ಇಲ್ಲಿ ಕುಂತ್ರೆ ಮುಳ್ಳು ಬಿಟ್ರೆ ಒಬ್ಬರ ಮಖಾನೂ ಕಾಣಾಕಿಲ್ಲ." ಕೈ ಒರೆಸಿಕೊಂಡು ಬಾಗಿಲ ಕಡೆ ನೋಡಿದರು. "ನಿಂಗೀಗ ಪುರುಸೊತ್ತೈತಲ್ಲ. ಓಗಿ ನೋಡ್ಕಂಡು ಬಾ, ಬಂದೋರು ಎಂಗವ್ರೆ ಅಂತ."

ಗಣಿಯ ಬಾಯಿಯ ಬಳಿಗೆ ಓಡಿದೆ, ನೋಡಿದೆ, ಓಡಿ ಬಂದು ಹೇಳಿದೆ. ಒಬ್ಬ ಬೀಡಿ ಹಚ್ಚುತ್ತಿದ್ದಾನೆ. ಇಬ್ಬರು ಬುತ್ತಿ ಡಬ್ಬಿ ಅದಲುಬದಲಾಯಿತೆಂದು ತಮಿಳಿನಲ್ಲಿ ಬೈದಾಡುತ್ತಿದ್ದಾರೆ. ಒಬ್ಬ ಮುದುಕ ಬಿಸಿಲಿಗೆ ಮುಖವೊಡ್ಡಿ, ಕಣ್ಣು ಮುಚ್ಚಿ, ಸುಮ್ಮನೆ ನಿಂತಿದ್ದಾನೆ.

ಮಾವ ತಮ್ಮ ಪಕ್ಕಕ್ಕೆ ಒಂದು ಸ್ಟೂಲು ಎಳೆದು ಹಾಕಿದರು.

"ಕುಂತ್ಕೋ," ಎಂದರು. "ಆ ಮುದುಕಪ್ಪನ ಮಖ ಎಂಗಿತ್ತು?"