ಮುಷ್ಟಿಗೆ ಅಂಟಿದ ಐಸ್‌ಕ್ರೀಮು

ಕೈಯಲ್ಲಿ ಕೋನ್ ಐಸ್‌ಕ್ರೀಮು ಹಿಡಿದುಕೊಂಡು ಲಾಠಿ ಏಟು ತಿಂದ ಗಂಡಸು ಈ ರಾಜ್ಯದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ವೆಂಕಟರಾಯಪ್ಪ ಒಬ್ಬನೇ. ಏಟು ತಿಂದದ್ದು ನಿಜ. ಮೋಡ ಕವಿದ ದಿನ ಅವನ ಎಡ ಮೊಣಕಾಲನ್ನು ಕೇಳಿದರೆ ಅದೇ ಸಾಕ್ಷಿ ಹೇಳುತ್ತದೆ. ಐಸ್‌ಕ್ರೀಮು ಮಾತ್ರ ಬಹಳ ವರ್ಷ ಆದ ಮೇಲೆ ಬಂದದ್ದು. ಅದನ್ನು ಕೈಗೆ ಕೊಟ್ಟವಳು ಅವನ ಹೆಂಡತಿ ಭಾಗ್ಯಮ್ಮ. ಕತ್ತರಿ, ಗೋಂದು ಮತ್ತು ಗುಲಾಬಿ ಬಣ್ಣದ ಚಾರ್ಟ್ ಪೇಪರಿನ ಸಹಾಯದಿಂದ.

ವೆಂಕಟರಾಯಪ್ಪ ದೊಡ್ಡಬಳ್ಳಾಪುರದ ಕಡೆಯ ರೈತ. ರೈತ ಸಂಘದಲ್ಲೇ ಮೀಸೆ ಬೆಳೆಸಿ, ಸಂಘದಲ್ಲೇ ಅದನ್ನು ನರೆಸಿದವನು. ರೇಷ್ಮೆಗೂಡಿನ ಬೆಲೆ ಬಿದ್ದಾಗ, ಹಾಲಿನ ದರ ಇಳಿದಾಗ, ಹೊಲ ಅಳೆಯಲು ಯಾರೋ ಟೇಪು ಹಿಡಿದು ಬಂದಾಗ, ಎಲ್ಲದಕ್ಕೂ ರಸ್ತೆಗೆ ಇಳಿದವನು. (ಒಂದು ಸಲ ರಸ್ತೆಯೇ ಇಲ್ಲ ಎಂದು ಪ್ರತಿಭಟಿಸಲು ಇಳಿದು ಹಳ್ಳಕ್ಕೆ ಬಿದ್ದದ್ದೂ ಉಂಟು.) ಆ ಹೋರಾಟಗಳ ಫೋಟೋಗಳೆಲ್ಲ ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಬರುವ ಭಾನುವಾರ ದೊಡ್ಡಬಳ್ಳಾಪುರದ ಸಮುದಾಯ ಭವನದಲ್ಲಿ ಸಂಘದ ಫೋಟೋ ಪ್ರದರ್ಶನ. ಹಳೆಯ ಜೊತೆಗಾರ ಮುನಾವರ್ ಪಾಷಾ ಫೋನು ಮಾಡಿ, "ನಿನಗೆ ಅಂತಾನೇ ಒಂದು ಗೋಡೆ ಪೂರ್ತಿ ಇಟ್ಟಿದ್ದೀನಿ ಕಣಪ್ಪಾ, ಫೋಟೋ ಹುಡುಕಿಡು" ಎಂದಿದ್ದ. ಗ್ರಾಮ ಪಂಚಾಯಿತಿ ಸದಸ್ಯನೂ ಆಗದೆ ಉಳಿದವನಿಗೆ ಒಂದು ಗೋಡೆ ಅಂದರೆ ಸಾಮಾನ್ಯವೇ? ಅವನು ಎದೆಯುಬ್ಬಿಸಿಕೊಂಡು ಹೋಗಿ ಟ್ರಂಕು ತೆಗೆದ. ಒಳಗೆ ನುಸಿಗುಳಿಗೆ ಇತ್ತು. ಇತಿಹಾಸ ಇರಲಿಲ್ಲ.

"ಲೇ ಭಾಗ್ಯಾ! ಟ್ರಂಕಲ್ಲಿದ್ದ ಫೋಟೋ ಎಲ್ಲೇ?"

"ಬುಕ್ಕಲ್ಲಿವೆ" ಎಂದಳು ಭಾಗ್ಯಮ್ಮ, ನೆನೆಸಿದ ಅವರೆಕಾಳು ಹಿದುಕುತ್ತಾ.

"ಯಾವ್ ಬುಕ್ಕು?"

"ಸ್ಕ್ರಾಪ್‌ಬುಕ್ಕು. ಇಲ್ಮಾ ಹೇಳ್ಕೊಟ್ಟಿದ್ದು."

ಇಲ್ಮಾ ಎಂದರೆ ಮುನಾವರ್ ಪಾಷಾನ ಮಗಳು. ಬಸ್ ಸ್ಟ್ಯಾಂಡಿನ ಹತ್ತಿರ ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡು, ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಕಾಗದದ ಕೆಲಸ ಕಲಿಸುತ್ತಾಳೆ. ಮನೆಯವರ ಫೋಟೋ, ಬಸ್ ಟಿಕೆಟ್ಟು, ಹೋಗಿಬಂದ ಊರಿನ ಚಿತ್ರ, ಒಣಗಿದ ಹೂವು, ಎಲ್ಲ ಅಂಟಿಸಿ ಸುತ್ತ ಲೇಸು ಕಟ್ಟಿ ನೆನಪಿನ ಪುಸ್ತಕ ಮಾಡುವ ವಿದ್ಯೆ. ಮದುವೆ ಕಾಗದ ಬಂದರೆ ಗಣಪತಿಯನ್ನು ಕತ್ತರಿಸಿ ಎತ್ತಿಟ್ಟು ಉಳಿದದ್ದನ್ನು ಒಲೆಗೆ ಹಾಕುತ್ತಿದ್ದ ಭಾಗ್ಯಮ್ಮ ಈಚೆಗೆ ಒಲೆಗೇನೂ ಹಾಕುತ್ತಿರಲಿಲ್ಲ.

"ಸ್ಕ್ರಾಪು ಅಂದ್ರೆ ಗುಜರಿ ಅಲ್ವೇನೇ? ನನ್ನ ಹೋರಾಟಾನ ಗುಜರಿಗೆ ಹಾಕಿದ್ಯಾ?"

"ಮೊದ್ಲು ನೋಡಿ, ಆಮೇಲೆ ಕಿರುಚಿ. ನಿಮ್ದು ಯಾವಾಗ್ಲೂ ಉಲ್ಟಾ."

ನೋಡಿದ. ಮೇಲೆ ಜರಿ ಕಾಗದದ ಅಕ್ಷರದಲ್ಲಿ "ನಮ್ಮ ಪ್ರವಾಸಗಳು" ಎಂದಿತ್ತು. ಮೊದಲ ಪುಟದಲ್ಲಿ ಮೈಸೂರು ಅರಮನೆ, ಕ್ಯಾಲೆಂಡರಿನಿಂದ ಕತ್ತರಿಸಿದ್ದು. ಅದರ ಮುಂದೆ ವೆಂಕಟರಾಯಪ್ಪ, ಯೌವನದಲ್ಲಿ, ಮೀಸೆ ಸಮೇತ. ಘೋಷಣೆ ಕೂಗುತ್ತಾ ಬಾಯಿ ಗವಿಯಂತೆ ತೆರೆದಿದ್ದಾನೆ. ಬಲಗೈ ಮುಷ್ಟಿ ಆಕಾಶಕ್ಕೆ. ಆ ಮುಷ್ಟಿಯಲ್ಲಿ ಗುಲಾಬಿ ಬಣ್ಣದ ಐಸ್‌ಕ್ರೀಮು! ಬಾಯಿ ತೆರೆದದ್ದು ಅನ್ಯಾಯದ ವಿರುದ್ಧವೋ ಅದನ್ನು ನೆಕ್ಕಲೋ ನೋಡಿದವರಿಗೆ ಅನುಮಾನವೇ ಬರುವಂತಿರಲಿಲ್ಲ. ಹಿಂದೆ ಲಾಠಿ ಎತ್ತಿದ್ದ ಪೊಲೀಸಿನವನ ಲಾಠಿಯ ತುದಿಗೆ ಬಣ್ಣದ ಕೊಡೆ ಬಿಚ್ಚಿಕೊಂಡಿತ್ತು. ಅಂದು ಮೊಣಕಾಲು ಮುರಿದವನು ಇಂದು ಸಾಹೇಬರಿಗೆ ಬಿಸಿಲು ತಾಗದಂತೆ ಹಿಂದೆ ಓಡಿಬರುವ ಆಳಾಗಿದ್ದ.

ಎರಡನೆಯ ಪುಟದಲ್ಲಿ ಬಂಧಿತರನ್ನು ತುಂಬಿಕೊಂಡ ಪೊಲೀಸ್ ವ್ಯಾನು. ಕಿಟಕಿಗೆ ಜಾಲರಿ, ಜಾಲರಿಯ ಹಿಂದೆ ರೋಷದ ಮುಖಗಳು. ವ್ಯಾನಿನ ಪಕ್ಕದಲ್ಲಿ ಒಂದು ಸಿಂಹ ಮಲಗಿತ್ತು. ಕೆಳಗೆ: "ಬನ್ನೇರುಘಟ್ಟ ಸಫಾರಿ. ತುಂಬಾ ಮಜಾ."

ಮೂರನೆಯದರಲ್ಲಿ ರ್‍ಯಾಲಿಗೆ ಹೊರಟ ಲಾರಿಗೆ ರೆಕ್ಕೆ ಬಂದು ವಿಮಾನವಾಗಿತ್ತು. ಊರಿನ ಹೆಂಗಸರೆಲ್ಲ ಬಾವುಟ ಹಿಡಿದು ಮೋಡದ ಮೇಲೆ ನಿಂತಿದ್ದರು. ಮೋಡ ಹತ್ತಿಯದು.

ನಾಲ್ಕನೆಯದು ಲಾಲ್‌ಬಾಗ್. ಹುಲ್ಲುಹಾಸಿನ ಮೇಲೆ ಕಾಗದದ ಬಾತುಕೋಳಿಗಳು. ಹುಲ್ಲು ಎಷ್ಟು ಸಹಜವಾಗಿದೆಯಲ್ಲ ಎಂದು ವೆಂಕಟರಾಯಪ್ಪ ಬೆರಳಾಡಿಸಿ ನೋಡಿದ. ಅದು ಅವನ ಮೊದಲ ಹಸಿರು ಶಾಲು.

"ಅಯ್ಯೋ ಪಾಪಿ! ಶಾಲು ಕತ್ತರಿಸಿದ್ಯೇನೇ!"

"ಇಲಿ ತಿಂದು ಉಳಿಸಿದ್ದು ಒಂದ್ ಗೇಣು. ಇಲಿಗೆ ಯಾಕೆ ಕೇಳ್ಲಿಲ್ಲ ನೀವು?"

"ಇದು ಚಳವಳಿ ಕಣೇ, ಇತಿಹಾಸ! ಏಟು ತಿಂದೋನ ಕೈಗೆ ಐಸ್‌ಕ್ರೀಮು ಕೊಟ್ಟಿದ್ದೀಯಲ್ಲ, ನಿನಗೇನಾದ್ರೂ ಬುದ್ಧಿ ಇದೆಯಾ?"

"ಎಲ್ಲಾ ಫೋಟೋದಲ್ಲೂ ಕೈ ಎತ್ಕೊಂಡೇ ನಿಂತಿದ್ದೀರಿ. ಟೂರಿಗೆ ಹೋದೋರು ಸುಮ್ನೆ ಕೈ ಎತ್ಕೊಂಡು ನಿಂತ್ಕೋತಾರಾ? ಏನಾದ್ರೂ ಹಿಡ್ಕೊಳ್ಳಿ ಅಂತ ಕೊಟ್ಟೆ."

"ಅದು ಟೂರ್ ಅಲ್ಲ!"

ಭಾಗ್ಯಮ್ಮ ಅವರೆಕಾಳಿನ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು.

"ಟೂರ್ ಅಲ್ವಾ? ಹಂಗಾದ್ರೆ ಮೈಸೂರು ಜೂ ತೋರಿಸ್ತೀನಿ ಬಾ ಅಂತ ಲಾರಿ ಹತ್ತಿಸಿದ್ದು ಯಾರು? ಜೂ ಗೇಟು ಮುಂದೇನೇ ಹೋಯ್ತು ಲಾರಿ, ನಿಲ್ಲಿಸಿದ್ರಾ? ಡಿಸಿ ಆಫೀಸ್ ಮುಂದೆ ಬಿಸ್ಲಲ್ಲಿ ಕೂರಿಸಿ ಒಂದ್ ಪೊಟ್ಣ ಪುಳಿಯೋಗರೆ ಕೊಟ್ರಿ. ದಿನಾ ತಲೆ ಮೇಲೆ ವಿಮಾನ ಹೋಗ್ತಾವೆ, ಆ ಸದ್ದಿಗೆ ಎಮ್ಮೆನೂ ತಲೆ ಎತ್ತಲ್ಲ ಈಗ. ಒಂದಿನ ಹತ್ತಿಸಿದ್ರಾ? ನೀವು ತೋರಿಸ್ಲಿಲ್ಲ, ನಾನು ಅಂಟಿಸ್ಕೊಂಡೆ. ಒಂದು ಪುಟನೂ ಕೀಳಲ್ಲ. ಏನ್ ಮಾಡ್ತೀರೋ ಮಾಡ್ಕೊಳ್ಳಿ!"

ಇಲ್ಲಿ ಓದುಗರಿಗೆ ಒಂದು ಮಾತು ಬಿಚ್ಚಿ ಹೇಳಬೇಕು. ಸಂಘದಲ್ಲಿ ವೆಂಕಟರಾಯಪ್ಪನ ಖಾತೆ ಜನ ಸೇರಿಸುವುದು. ಭಾಷಣ ಯಾರು ಬೇಕಾದರೂ ಮಾಡುತ್ತಾರೆ. ಲಾರಿ ತುಂಬುವವನು ಬೇರೆಯೇ ಬೇಕು. ಧರಣಿಗೆ ಬನ್ನಿ ಎಂದು ಕರೆದರೆ ಬೀದಿಗೊಬ್ಬರು ಬರುತ್ತಿದ್ದರು, ಅದೂ ಕೆಮ್ಮುತ್ತಾ. ಟೂರ್ ಎಂದರೆ ಲಾರಿ ಸಾಲುತ್ತಿರಲಿಲ್ಲ. ಆದ್ದರಿಂದ ಅವನು ಸಮಾಜದ ದೊಡ್ಡ ಹಿತಕ್ಕಾಗಿ ಆಗಾಗ ಸಣ್ಣದೊಂದು ಸುಳ್ಳನ್ನು ಹೇಳುತ್ತಿದ್ದ. ಅದು ಅವನ ಪ್ರಕಾರ ಸುಳ್ಳಲ್ಲ, ಸಂಘಟನಾ ತಂತ್ರ.

ತಂತ್ರಗಾರ ಈಗ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಚ್ಚಲಿನ ಹಂಡೆಯ ಮುಂದೆ ಕೂತ. ಬಿಸಿ ಹಬೆಗೆ ಹಿಡಿದು ಐಸ್‌ಕ್ರೀಮನ್ನು ಮೆಲ್ಲಗೆ ಎಬ್ಬಿಸುವ ಯೋಜನೆ. ಇಲ್ಮಾ ಕೊಟ್ಟ ಗೋಂದು ಹಾಗೆಲ್ಲ ಸೋಲುವ ಗೋಂದಲ್ಲ. ಉಗುರು ಹಾಕಿ ಎಳೆದ. ಐಸ್‌ಕ್ರೀಮು ಬಂತು. ಜೊತೆಗೆ ಮುಷ್ಟಿಯೂ ಮೊಣಕೈ ತನಕ ಬಂತು. ಗಾಬರಿಯಲ್ಲಿ ಅಡುಗೆಮನೆಯಿಂದ ಒಂದು ಹಿಡಿ ಅನ್ನ ತಂದು, ಹಿಂದಿನ ಕಾಲದಲ್ಲಿ ಕವರು ಅಂಟಿಸುತ್ತಿದ್ದ ಹಾಗೆ ಹಿಸುಕಿ ಹಚ್ಚಿ, ಒಣಗಲಿ ಎಂದು ಹಿತ್ತಲ ಕಲ್ಲಿನ ಮೇಲಿಟ್ಟ. ಕೋಳಿಗೆ ಇತಿಹಾಸ ಗೊತ್ತಿಲ್ಲ, ಅನ್ನ ಗೊತ್ತು. ಅದು ಅನ್ನದ ಸಮೇತ ಕ್ರಾಂತಿಕಾರಿ ಕೈಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹುಲ್ಲಿನ ಬಣವೆ ಸುತ್ತ ಓಡಿತು. ಹಿಂದೆ ಪಂಚೆ ಎತ್ತಿ ಕಟ್ಟಿಕೊಂಡು ವೆಂಕಟರಾಯಪ್ಪ. ಪೊಲೀಸಿನವರು ಅಟ್ಟಿಸಿಕೊಂಡು ಬಂದಾಗಲೂ ಅವನು ಹಾಗೆ ಓಡಿರಲಿಲ್ಲ. ಕೋಳಿ ಸಿಕ್ಕಿತು, ಕೈ ಸಿಗಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಅಡುಗೆಮನೆಯ ಹೊಸ್ತಿಲಿಗೆ ಅಡ್ಡಲಾಗಿ ಗೋಣಿಚೀಲ ಹಾಸಿ ಅನಿರ್ದಿಷ್ಟಾವಧಿ ಧರಣಿ ಕೂತ. "ಎಲ್ಲಾ ಫೋಟೋ ಮೊದಲಿದ್ದ ಹಾಗೆ ಆಗೋವರ್ಗೂ ಏಳಲ್ಲ!"

ಭಾಗ್ಯಮ್ಮ ಅವನನ್ನು ದಾಟಿಕೊಂಡು ಒಳಗೆ ಹೋದಳು, ದಾಟಿಕೊಂಡು ಹೊರಗೆ ಬಂದಳು. "ಮನವಿ ಕೊಟ್ಟು ಹೋಗಿ, ಪರಿಶೀಲನೆ ಮಾಡ್ತೀವಿ" ಎಂದಳು. ಎಷ್ಟು ಕಚೇರಿಗಳ ಮುಂದೆ ಕೂತು ಈ ಮಾತು ಕೇಳಿದ್ದಳೋ, ಧಾಟಿಯೂ ಸೇರಿ ಹಾಗೇ ಬಾಯಿಗೆ ಬಂದಿತ್ತು. ಸರ್ಕಾರಗಳಾದರೆ ಮಾತುಕತೆಗೆ ಕರೆಯುತ್ತವೆ, ಕೊನೆಗೆ ನೀರಾದರೂ ಕಳಿಸುತ್ತವೆ. ಈ ದಮನಕಾರಿ ಹೆಂಗಸು ಹಿದುಕಬೇಳೆ ಸಾರಿಗೆ ಒಗ್ಗರಣೆ ಹಾಕಿದಳು. ಧರಣಿನಿರತನ ಮೂಗು ಮೊದಲು ಶರಣಾಯಿತು. ಮುದ್ದೆ ಮುರಿಯುವಾಗ ಅವನು, "ಹೋರಾಟ ನಿಂತಿಲ್ಲ, ಸ್ವರೂಪ ಬದಲಾಗಿದೆ" ಎಂದು ಘೋಷಿಸಿದ. "ಸಾರು ಇನ್ನೊಂದ್ ಸೌಟು ಹಾಕ್ಲಾ?" ಎಂದಳು ಎದುರಾಳಿ.

ಶನಿವಾರ ಮುನಾವರ್ ಪಾಷಾ ಸ್ಕೂಟರಿನಲ್ಲಿ ತಾನೇ ಬಂದ. ವೆಂಕಟರಾಯಪ್ಪ ಅಂಗಳದಲ್ಲೇ ತಡೆದು ಮುಖ ಇಳಿಬಿಟ್ಟುಕೊಂಡು, "ಗೆದ್ದಲು, ಪಾಷಾ. ಎಲ್ಲಾ ಗೆದ್ದಲು ತಿಂದ್ಬಿಟ್ಟಿದೆ" ಎಂದ.

"ಏನಪ್ಪಾ, ಕಬ್ಬಿಣದ ಟ್ರಂಕಿಗೂ ಗೆದ್ದಲಾ?"

ಅಷ್ಟರಲ್ಲಿ ಭಾಗ್ಯಮ್ಮ ಟೀ ಲೋಟದ ಜೊತೆಗೆ ಪುಸ್ತಕವನ್ನೂ ತಂದಿಟ್ಟಳು. ಕೋಳಿ ತಿಂದ ಕೈಯ ಜಾಗದಲ್ಲಿ ಹೊಸ ಕೈ ಬಂದಿತ್ತು, ಒಡವೆ ಅಂಗಡಿಯ ಜಾಹೀರಾತಿನಿಂದ. ಮೊಣಕೈ ತನಕ ಚಿನ್ನದ ಬಳೆ, ಬೆರಳಿಗೆ ನೇಲ್ ಪಾಲಿಷು, ಅದರಲ್ಲಿ ಹೊಸ ಐಸ್‌ಕ್ರೀಮು.

ಪಾಷಾ ಒಂದು ಪುಟ ನೋಡಿದ, ಕೆಮ್ಮಿದ. ಇನ್ನೊಂದು ಪುಟ ನೋಡಿದ, ಲೋಟ ಕೆಳಗಿಟ್ಟ. ಸಫಾರಿಯ ಜಾಲರಿಯ ಹಿಂದೆ ತನ್ನದೇ ಮುಖ ಕಂಡು, ಅದಕ್ಕೆ ಕಪ್ಪು ಕನ್ನಡಕ ಹಾಕಿದ್ದು ನೋಡಿ, ಜಗುಲಿಯ ಕಂಬ ಹಿಡಿದುಕೊಂಡ.

"ಭಾಗ್ಯಮ್ನೋರೆ, ಆ ದಿನ ನಂಗೆ ಕಣ್ಣಿಗೆ ಏಟು ಬಿದ್ದಿತ್ತು."

"ಗೊತ್ತು ಪಾಷಣ್ಣ. ಊದ್ಕೊಂಡಿತ್ತು, ಚೆನ್ನಾಗ್ ಕಾಣ್ತಿರ್ಲಿಲ್ಲ. ಅದ್ಕೇ ಹಾಕ್ದೆ."

"ಇದೇ ಗೋಡೆಗೆ!" ಎಂದ ಪಾಷಾ, ಕಣ್ಣೊರೆಸಿಕೊಳ್ಳುತ್ತಾ.

"ನನ್ನ ಹೆಣದ ಮೇಲೆ!" ಎಂದ ವೆಂಕಟರಾಯಪ್ಪ.

"ಅದಕ್ಕೂ ಒಂದು ಕೊಡೆ ಅಂಟಿಸ್ತಾರೆ ಬಿಡು, ಗುರು" ಎಂದು ಪಾಷಾ ಪುಸ್ತಕವನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೊರಟೇ ಹೋದ.

ಭಾನುವಾರ ವೆಂಕಟರಾಯಪ್ಪ ಬೇಕೆಂದೇ ತಡವಾಗಿ ಭವನಕ್ಕೆ ಬಂದ. ತನ್ನ ಗೋಡೆಯ ಮುಂದೆ ಯಾರೂ ಇರಬಾರದು ಎಂದು ಜೀವನದಲ್ಲಿ ಮೊದಲ ಸಲ ಹಾರೈಸಿದ. ಆದರೆ ಮುಖಂಡರ ಭಾಷಣದ ಫೋಟೋಗಳ ಮುಂದೆ ಫ್ಯಾನು ಒಂದೇ ತಿರುಗುತ್ತಿತ್ತು. ಜನವೆಲ್ಲ ಅವನ ಗೋಡೆಗೆ ಮುಗಿಬಿದ್ದಿದ್ದರು. ಪಾಷಾ ಪುಟಗಳನ್ನು ಬಿಡಿಸಿ ದಾರಕ್ಕೆ ಸಾಲಾಗಿ ಕ್ಲಿಪ್ ಹಾಕಿದ್ದ. ಭಾಗ್ಯಮ್ಮ ಟ್ರ್ಯಾಕ್ಟರು ಮಾಡಿಕೊಂಡು ಊರಿನ ಹೆಂಗಸರನ್ನೆಲ್ಲ ಕರೆತಂದಿದ್ದಳು. ನಗು ಕೇಳಿಬರುತ್ತಿತ್ತು. ನೋಡನೋಡುತ್ತಾ ವೆಂಕಟರಾಯಪ್ಪನಿಗೆ ಹೊಟ್ಟೆ ತಣ್ಣಗಾಯಿತು. ಎಷ್ಟೇ ಆದರೂ ಜನ ಸೇರಿದ್ದಾರಲ್ಲ! ಜನ ಸೇರಿದ ಕಡೆ ಅವನಿಗೆ ಒಂದು ಮಾತಾಡಬೇಕು. ಗಂಟಲು ಸರಿಮಾಡಿಕೊಂಡು ಮುಂದೆ ಹೋದ.

ಅದೇ ಹೊತ್ತಿಗೆ ಮುನಿಗಂಗಮ್ಮ ವಿಮಾನದ ಪುಟಕ್ಕೆ ಮೂಗು ತಾಗಿಸಿಕೊಂಡು ನಿಂತಿದ್ದಳು. ಮುನಿಗಂಗಮ್ಮ ಎಂದರೆ ಸಂಘದ ಗಂಟಲು. ಘೋಷಣೆ ಎತ್ತಿಕೊಟ್ಟರೆ ಪಕ್ಕದ ಊರು ರಾಜಘಟ್ಟದಲ್ಲಿ ಮಲಗಿದವರು ಎದ್ದು ಕೂರಬೇಕು. ವಯಸ್ಸು ಬೆನ್ನಿಗೆ ಬಂದಿತ್ತು, ಗಂಟಲಿಗೆ ಬಂದಿರಲಿಲ್ಲ.

"ಇದು ನಾನು ಅಲ್ವೇನ್ರೇ? ಈ ಕೆಂಪು ಸೀರೇಲಿರೋಳು? ಆ ದಿನ ನಂಗೆ ಚೆನ್ನಾಗ್ ಜ್ಞಾಪ್ಕ ಇದೆ. ತಿರುಪತಿ ಅಂದಿದ್ದ ಈ ವೆಂಕಟ್ರಾಯ! ಮುಡಿ ಕೊಡೋಕೆ ಅಂತ ತಲೆಗೆ ಎಣ್ಣೇನೂ ಇಕ್ಕದೆ ಹೋಗಿದ್ದೆ!"

"ತಿರುಪತೀನಾ?" ಎಂದಳು ಪಕ್ಕದವಳು. "ನಂಗೆ ಧರ್ಮಸ್ಥಳ ಅಂದಿದ್ರು."

"ನಮ್ಮತ್ತೆಗೆ ನಂದಿ ಬೆಟ್ಟ ಅಂದಿದ್ರಂತೆ. ಸ್ವೆಟರ್ ಹಾಕ್ಕೊಂಡು ಬಂದಿದ್ರು ಪಾಪ, ನೋಡ್ರಿ ಇಲ್ಲಿ, ಬೆವರ್ತಾ ಇದಾರೆ!"

"ನಂಗೆ ಸೀರೆ ಫ್ಯಾಕ್ಟ್ರಿ ತೋರಿಸ್ತೀನಿ ಅಂದ್ರಪ್ಪಾ!"

ನಗು ನಿಂತಿತು. ಹೆಂಗಸರು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಸೇರಿ ವೆಂಕಟರಾಯಪ್ಪನ ಮುಖ ನೋಡಿದರು.

"ಲೋ ವೆಂಕಟ್ರಾಯ" ಎಂದಳು ಮುನಿಗಂಗಮ್ಮ, "ಒಂದು ಲಾರಿಗೆ ಎಷ್ಟು ಊರು ಹೇಳಿದ್ದೀಯೋ?"

"ನೋಡಿ ತಾಯಂದಿರೇ, ಚಳವಳಿಯ ಆ ಸಂಕೀರ್ಣ ಕಾಲಘಟ್ಟದಲ್ಲಿ…"

"ಸಂಕೀರ್ಣಾನೂ ಬೇಡ, ನಿನ್ನ ಪುಳಿಯೋಗರೆನೂ ಬೇಡ! ಹೇಳಿದ ಊರು ಎಲ್ಲಿ?"

ಅವನು ಸಹಾಯಕ್ಕಾಗಿ ಪಾಷಾನ ಕಡೆ ನೋಡಿದ. ಪಾಷಾ ಸಂಘದ ಕಾರ್ಯದರ್ಶಿಯ ಜೊತೆ ಬಹಳ ಮುಖ್ಯವಾದ ವಿಷಯವೊಂದನ್ನು ಗೋಡೆಯ ಕಡೆ ತಿರುಗಿಕೊಂಡು ಮಾತಾಡುತ್ತಿದ್ದ. ಅವನ ಹೆಗಲು ಕುಣಿಯುತ್ತಿತ್ತು. ವೆಂಕಟರಾಯಪ್ಪ ಮೆಲ್ಲಗೆ ಬಾಗಿಲ ಕಡೆ ಸರಿದ. ಬಾಗಿಲಿಗೆ ಅಡ್ಡಲಾಗಿ ಆಗಲೇ ಸೆರಗು ಸಿಕ್ಕಿಸಿಕೊಂಡು ಒಂದು ಸಾಲು ಹೆಂಗಸರು ಕೂತಾಗಿತ್ತು. ಮೊಣಕೈಗೆ ಮೊಣಕೈ ಹೆಣೆದು, ಎತ್ತಲು ಬಂದವರಿಗೆ ಸಿಗದಂತೆ ಮೈ ಭಾರ ಬಿಟ್ಟುಕೊಂಡು. ತಹಶೀಲ್ದಾರರ ಕಚೇರಿ ಮುಂದೆ ಅವರಿಗೆ ಹಾಗೆ ಕೂರುವುದನ್ನು ಕಲಿಸಿದವನು ಯಾರು ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಸಾಲಿನ ನಡುವೆ ಭಾಗ್ಯಮ್ಮ.

"ಏಳೇ ಭಾಗ್ಯಾ, ಮನೇಲಿ ಮಾತಾಡಣ" ಎಂದ ಅವನು, ದನಿ ತಗ್ಗಿಸಿ.

"ಮನೇಲಿ ಮಾತಾಡಿ ಮಾತಾಡಿ ಸಾಕಾಗಿದೆ. ಒಂದು ಬಸ್ಸು ಬೇಕು. ಲಾರಿ ಅಲ್ಲ, ಸೀಟಿರೋ ಬಸ್ಸು. ಮೊದ್ಲು ಮೈಸೂರು ಜೂ, ಆಮೇಲೆ ಧರ್ಮಸ್ಥಳ, ಆಮೇಲೆ ತಿರುಪತಿ. ಯಾವ ಆಫೀಸ್ ಮುಂದೇನೂ ನಿಲ್ಲಿಸ್ಬಾರ್ದು. ದಿನಾಂಕ ಹೇಳೋವರ್ಗೂ ಏಳಲ್ಲ."

"ಪರಿಶೀಲಿಸ್ತೀನಿ…" ಎಂದುಬಿಟ್ಟ ವೆಂಕಟರಾಯಪ್ಪ.

ಆ ಮಾತು ಬಂದದ್ದೇ ತಡ, ಮುನಿಗಂಗಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು ಎದೆ ತುಂಬ ಉಸಿರು ಎಳೆದುಕೊಂಡಳು.

"ಸುಳ್ಳು ಟೂರಿನ ವೆಂಕಟರಾಯಪ್ಪನಿಗೇ…!"

ಭವನದ ಗಾಜುಗಳು ನಡುಗಿದವು. ಆದರೆ ಉತ್ತರ ತಕ್ಷಣ ಬರಲಿಲ್ಲ. ಎಷ್ಟೆಂದರೂ ಊರಿನ ಹಿರಿಯ, ದಿನಾ ಎದುರಿಗೆ ಸಿಗುವವನು, ಪಕ್ಕದಲ್ಲಿ ಹೆಂಡತಿ ಬೇರೆ ಕೂತಿದ್ದಾಳೆ. ಹೆಂಗಸರು ಬಾಯಿ ತೆರೆದವರು ತೆರೆದಂತೆಯೇ ತಡವರಿಸಿದರು. ಎತ್ತಿಕೊಟ್ಟ ಘೋಷಣೆ ಹಿಡಿಯುವವರಿಲ್ಲದೆ ಮಧ್ಯದಲ್ಲಿ ತೂಗಾಡಿತು.

ಎತ್ತಿಕೊಟ್ಟ ಘೋಷಣೆಯನ್ನು ಅನಾಥವಾಗಿ ಬಿಡುವ ಜಾತಿಯಲ್ಲ ವೆಂಕಟರಾಯಪ್ಪ. ಅವನ ತಲೆ ಇನ್ನೂ ಹೆಸರನ್ನು ಅರ್ಥ ಮಾಡಿಕೊಳ್ಳುತ್ತಿರುವಾಗಲೇ, ಇಡೀ ಭವನದಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅವನ ಗಂಟಲು ಸಿಡಿಯಿತು:

"ಧಿಕ್ಕಾರ! ಧಿಕ್ಕಾರ!"