ಕೊರಿಂಥದವರ ಮೇಲೆ ಕಾಕಾನ ಸಿಟ್ಟು

ನಮ್ಮ ಕಾಕಾನಿಗೆ ಅಣ್ಣಿಗೇರಿಯ ಜಗಳಗಳು ಸಾಲುತ್ತಿರಲಿಲ್ಲ. ಎರಡು ಸಾವಿರ ವರ್ಷದ ಹಿಂದೆ, ಸಮುದ್ರದಾಚೆ, ಕೊರಿಂಥವೆಂಬ ಊರಿನಲ್ಲಿ ನಡೆದ ಜಗಳವೂ ಅವನಿಗೆ ಬೇಕಿತ್ತು! ಆ ಊರಿನ ಕ್ರೈಸ್ತ ಸಭೆಯವರಿಗೆ ಅಪೊಸ್ತಲ ಪೌಲ ಕಾಗದ ಬರೆದು ಬೈದಿದ್ದಾನಲ್ಲ, ಬೈಬಲಿನಲ್ಲಿ ಅದನ್ನು ಓದುವಾಗ ಕಾಕಾನ ಮೂಗಿನ ತುದಿ ಕೆಂಪಾಗುತ್ತಿತ್ತು. "ಅಗದಿ ನಮ್ಮ ಮಂದೀನ ಅವರು. ಕೂಡಿ ಉಣ್ಣೂಣು ಅಂತ ಕರದ್ರ, ಮೊದಲ ಬಂದವರು ಎಲ್ಲಾ ತಿಂದು ಮುಗಿಸತಿದ್ರು" ಎಂದು, ನಿನ್ನೆ ತಾನೇ ಅಲ್ಲಿಂದ ಉಪವಾಸ ಎದ್ದು ಬಂದವನಂತೆ ಹೇಳುತ್ತಿದ್ದ. ಸಿಟ್ಟು ನಮ್ಮ ಮನೆತನದ ಆಸ್ತಿ. ನನಗೂ ಪಾಲು ಬಂದಿದೆ, ಓದುತ್ತ ಹೋದಂತೆ ನಿಮಗೇ ಗೊತ್ತಾದೀತು.

ಇದು ಎಪ್ಪತ್ತರ ದಶಕದ ಮಾತು. ಕಾಕಾ ಅಣ್ಣಿಗೇರಿಯಲ್ಲಿ ಅರಳೆ ದಲಾಲಿ. ನಾನು ಶಲವಡಿಯ ಸಾಲೆಯಲ್ಲಿ ಅಕ್ಕೋರು. ಇರುತ್ತಿದ್ದದ್ದು ಕಾಕಾ, ಕಾಕು ಇಬ್ಬರ ಮನೆಯಲ್ಲಿ. ಪೌಲನ ಕಾಗದಗಳ ಬಗ್ಗೆ ಯಾರಾದರೂ ಬಾಯಿ ತೆರೆದರೆ ಸಾಕು, ಕಾಕಾ ಪ್ರಶ್ನೆಗಳನ್ನು ಎಸೆಯುತ್ತಿದ್ದ. "ಯಾರಿಗೆ ಬರದಾನ? ಯಾಕ ಬರದಾನ? ಅವಾಗ ಆ ಊರಾಗ ಏನ ನಡದಿತ್ತು? ಗೊತ್ತಿದ್ರ ಮಾತಾಡು, ಇಲ್ಲಾಂದ್ರ ಚಾ ಕುಡದು ಹೋಗು." ಬಹಳಷ್ಟು ಮಂದಿ ಚಹಾ ಕುಡಿದು ಹೋಗುತ್ತಿದ್ದರು.

ಕಾಕುವಿನ ತಮ್ಮ ಮಾತ್ರ ಹೋಗಲಿಲ್ಲ. ಈ ಮಾವ ಕಲಘಟಗಿಯವನು, ಕುಡಿತದ ಚಟದವನು. ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಪೌಲನೇ ಬರೆದಿದ್ದಾನೆ ಎಂದು ಒಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಕೂತು ವಾದ ಹೂಡಿದ.

"ಅದು ಅವನ ಶಿಷ್ಯ ತಿಮೊಥೆಯನ ಹೊಟ್ಟೀಗೆ ಬರದದ್ದಲೇ" ಎಂದ ಕಾಕಾ. "ನಿನ್ನ ಹೊಟ್ಟಿ ಕಲ್ಲ ಹಾಕಿದ್ರೂ ಅರಗಸ್ತೈತಿ."

"ಶಾಸ್ತ್ರ ಎಲ್ಲಾರಿಗೂ ಒಂದ ಅಲ್ಲೇನ್ರಿ?"

"ಹೌದೇನು? ಬಾಜೂ ಮನೀ ಸಾಹೇಬ್ರಿಗೆ ಡಾಕ್ಟರು ಭೇದಿ ಆಗಾಕ ಔಷಧ ಬರಕೊಟ್ಟಾರ. ಅದೂ ಒಬ್ಬರ ಹೊಟ್ಟೀಗೆ ಬರದದ್ದ. ಕುಡಿ ಹಂಗಾರ."

ಸೀಸೆಯೂ ಬಂತು. ಮಾವ ಮರ್ಯಾದೆಗೆ ಅಂಜಿ ಕುಡಿದೇಬಿಟ್ಟ. ಕಲಘಟಗಿಯ ಬಸ್ಸು ಹತ್ತುವ ಧೈರ್ಯ ಅವನಿಗೆ ಮರುದಿನವೂ ಬರಲಿಲ್ಲ.

ಇಂಥ ಮನೆಗೆ ಹೊಸ ಪಾದ್ರಿಗಳು ಕೈ ಹಾಕಿದರು. ನಮ್ಮ ಸಣ್ಣ ಚರ್ಚಿನಲ್ಲಿ ಪ್ರತಿ ಐತವಾರ ಶಾಸ್ತ್ರ ಓದುತ್ತಿದ್ದವಳು ಕಾಕು. ಚಾಪೆಯ ಮೇಲೆ ಕೂಡುವ ಹೆಂಗಸರಲ್ಲಿ ಹೆಚ್ಚಿನವರಿಗೆ ಅಕ್ಷರ ಬರುತ್ತಿರಲಿಲ್ಲ. ಅವರಿಗೆ ಗೊತ್ತಿದ್ದ ಶಾಸ್ತ್ರವೆಲ್ಲ ಕಾಕುವಿನ ದನಿಯಲ್ಲಿ ಕೇಳಿದ್ದೇ. ಮಕ್ಕಳಿಲ್ಲದ ಆ ಹೆಣ್ಣುಮಗಳಿಗೆ ತನ್ನದು ಎಂದು ಇದ್ದದ್ದು ಅದೊಂದೇ ಕೆಲಸ. ಆ ಐತವಾರ ಅವಳು ಎದ್ದು ನಿಂತಾಗ ಪಾದ್ರಿಗಳು ಕೈ ಅಡ್ಡ ಮಾಡಿದರು. "ಕೂಡ್ರಿ ಅಕ್ಕಾರ. ಸಭಾದಾಗ ಹೆಣ್ಮಕ್ಕಳು ಸುಮ್ಮನಿರಬೇಕಂತ ಕೊರಿಂಥದವರಿಗೆ ಬರದೈತಿ."

ಕಾಕು ಕೂತಳು. ನನಗೆ ಆ ಪಾದ್ರಿಯ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಶಾಯಿ ಚೆಲ್ಲಬೇಕೆನ್ನುವಷ್ಟು ಸಿಟ್ಟು ಬಂತು. ಮನೆಗೆ ಬಂದ ಮೇಲೆ, ರೊಟ್ಟಿ ಬಡಿಯುವಾಗ ಕೀರ್ತನೆ ಹಾಡುತ್ತಿದ್ದ ಹೆಂಗಸು ಬರೀ ರೊಟ್ಟಿ ಬಡಿದಳು.

ಅಂದು ಚರ್ಚಿಗೆ ಬಂದಿರದ ಕಾಕಾ ಸುದ್ದಿ ಕೇಳಿ ಊಟದ ತಾಟು ಸರಿಸಿ ಎದ್ದ. "ಅದ ಕಾಗದದಾಗ, ಸ್ವಲ್ಪ ಮ್ಯಾಲೆ, ಹೆಣ್ಮಕ್ಕಳು ಪ್ರಾರ್ಥನಾ ಮಾಡುವಾಗ ತಲೀ ಮುಚ್ಚಿಕೊಳ್ರಿ ಅಂದಾನ. ಬಾಯಿ ಮುಚ್ಚಿದಾಕಿ ಪ್ರಾರ್ಥನಾ ಹ್ಯಾಂಗ ಮಾಡತಾಳ? ಆ ಊರಾಗ ಎಲ್ಲಾರೂ ಒಮ್ಮೆಲೆ ಒದರತಿದ್ರು, ಅದಕ್ಕ ಹೇಳಿದ ಮಾತದು!"

"ನಾ ಏನ ಅಂತೀನಂದ್ರ..." ಎಂದಳು ಕಾಕು.

"ನೀ ಸುಮ್ನಿರು. ನಿನ್ನ ಪರವಾಗೇ ಮಾತಾಡಾಕತ್ತೇನಿ."

ನನಗೆ ತಡೆಯಲಾಗಲಿಲ್ಲ. "ಕಾಕಾ, ಆ ಪಾದ್ರಿಗಿಂತ ನೀ ಏನ ಕಡಿಮಿ?" ಎಂದೆ.

"ನೀನೂ ಸುಮ್ನಿರು" ಎಂದ.

ಮುಂದಿನ ಐತವಾರ ಇಡೀ ಚರ್ಚು ಕೊರಿಂಥವಾಯಿತು. ಪಾದ್ರಿಗಳು ಶಾಸ್ತ್ರ ಎಂದರು, ಕಾಕಾ ಸಂದರ್ಭ ಎಂದ. ಅವರು ಧ್ವನಿ ಏರಿಸಿದರು, ಇವನಿಗೆ ಅರಳೆಯ ಹರಾಜಿನಲ್ಲಿ ಸವಾಲು ಕೂಗಿದ ಗಂಟಲು. ಯಾವಳ ಬಾಯಿಗಾಗಿ ಈ ಯುದ್ಧವೋ, ಅವಳನ್ನು ಒಂದು ಮಾತು ಕೇಳಿದವರುಂಟೆ? ಇಬ್ಬರೂ ಕೇಳಲಿಲ್ಲ.

ಆಗ ಕಾಕು ತಲೆಯ ಮೇಲೆ ಸೆರಗು ಹೊದ್ದು ಎದ್ದಳು. "ಇಬ್ಬರೂ ಕೂಡ್ರಿ. ಪೌಲನ ಕಾಗದ ಅಂದಮ್ಯಾಲೆ ಎಲ್ಲಾನೂ ಕಡೀತನಕ ಓದಬೇಕು" ಎಂದಳು. ಎಷ್ಟು ಮೆಲ್ಲಗೆ ಎಂದರೆ ಇಬ್ಬರೂ ಬಾಯಿ ಮುಚ್ಚಿ ಕೇಳಬೇಕಾಯಿತು.

ನಮ್ಮ ಕಡೆ ಕಾಗದ ಬಂದರೆ ಕೊನೆಯಲ್ಲಿ ಹೆಸರು ಹೆಸರು ಹಿಡಿದು ಬರೆದ ನಮಸ್ಕಾರ, ಆಶೀರ್ವಾದಗಳನ್ನು ಓದಿ ಹೇಳುವವರೆಗೆ ಮನೆಯ ಹೆಂಗಸರು ಏಳುವುದಿಲ್ಲ. ಪೌಲನೂ ರೋಮಿನವರಿಗೆ ಬರೆದ ಕಾಗದದ ಕೊನೆಗೆ ಹಾಗೆಯೇ ಬರೆದಿದ್ದಾನೆ. ಬರೀ ಹೆಸರುಗಳು ಎಂದು ಪಾದ್ರಿಗಳೆಲ್ಲ ಅದನ್ನು ಹಾರಿಸುತ್ತಿದ್ದರು. ಕಾಕು ಅದನ್ನೇ ತೆಗೆದಳು. ಮೊದಲ ಹೆಸರು ಫೊಯಿಬೆ.

"ಯಾರವ್ವಾ ಆಕಿ?" ಎಂದಳು ಚಾಪೆಯ ಮೇಲಿನ ಒಬ್ಬ ಮುದುಕಿ.

"ಈ ಕಾಗದ ಒಯ್ದಾಕಿ ಅಂತಾರಬೇ. ಆಕೀನ್ನ ಚಲೋತ್ನಾಗ ನೋಡಿಕೊಳ್ರಿ ಅಂದಾನ."

ನಮ್ಮೂರಲ್ಲಿ ಕಾಗದ ಹಿಡಿದು ಬಂದವರನ್ನು ನೀರು ಕೊಟ್ಟು ಕೂಡಿಸಿ, ಬರೆದವರ ಯೋಗಕ್ಷೇಮದಿಂದ ಹಿಡಿದು ಎಲ್ಲವನ್ನೂ ಕೇಳುತ್ತಾರೆ. ಮುದುಕಿಗೆ ತಿಳಿದದ್ದು ಆ ರಿವಾಜು. "ಮತ್ತ ಆ ಊರ ಸಭಾದವರು ಕೇಳಿದ್ದಕ್ಕ ಆಕೀನ ಜವಾಬ ಕೊಟ್ಟಿರಬೇಕಲ್ಲ?" ಎಂದಳು.

ಪಾದ್ರಿಗಳು ಪುಸ್ತಕದಲ್ಲಿ ಆ ಸಾಲನ್ನು ಬೆರಳಿಟ್ಟು ಓದಿದರು. ಆಮೇಲೆ "ಮುಂದ ಓದ್ರಿ ಅಕ್ಕಾರ. ಇನ್ನ ಮ್ಯಾಲೆ ನೀವ ಓದ್ರಿ" ಎಂದು ಕೂತರು.

ಕಾಕು ಓದಿದಳು. ಗಂಡಸರ ಹೆಸರುಗಳ ನಡುನಡುವೆ ಹೆಂಗಸರವೂ ಬಂದವು: ಪ್ರಿಸ್ಕ, ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ. ಒಂದೊಂದು ಹೆಸರಿಗೂ ಚಾಪೆಯವರು ತಲೆಯಾಡಿಸಿದರು.

ಓದು ಮುಗಿದದ್ದೇ ಕಾಕಾ ಎದ್ದು ನಿಂತ. ಮತ್ತೆ ಉಪನ್ಯಾಸ ಸುರುವಾಯಿತಲ್ಲಪ್ಪಾ ಎಂದು ನಾನು ಹಲ್ಲು ಕಚ್ಚಿದೆ.

"ಓದಿದಾಕಿಗೂ ಒಂದು ವಂದನಾ ಹೇಳಬೇಕು" ಎಂದ. ದನಿ ಅವನದಲ್ಲವೆನ್ನುವಷ್ಟು ಇಳಿದಿತ್ತು. "ರಾಹೇಲ ಅಂತ ಆಕಿ ಹೆಸರು. ಆಕೀನ್ನ ಭಾಳ ಸಲ ಸುಮ್ನಿರಸೇನಿ ನಾನು."

ಗಂಡಸರು ಹೆಂಡತಿಯ ಹೆಸರು ಹಿಡಿಯದ ಕಾಲ ಅದು. ಮನೆಯಲ್ಲಿ ಕೂಡ ಅವನ ಬಾಯಲ್ಲಿ ನಾನು ಆ ಹೆಸರು ಕೇಳಿರಲಿಲ್ಲ. ಕಾಕು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅವಳು ಅತ್ತು ಮುಗಿಸಿ ಏನಾದರೂ ಹೇಳಲಿ ಎಂದು ಕಾಕಾ ಒಂದು ಮಾತೂ ಆಡದೆ ಕಾಯುತ್ತ ನಿಂತ.