ಅಡುಗೆಮನೆಯಲ್ಲಿ ಪಾಸಾದ ಸುತ್ತೋಲೆಗಳು

ಕೊರೋನಾ ಕಾಲದಲ್ಲಿ ಸರ್ಕಾರಿ ಆರೋಗ್ಯ ವಿಮೆಯ ಸುತ್ತೋಲೆಗಳಿಗೆ ಕೊನೆಯ ಒಪ್ಪಿಗೆ ಸಿಗುತ್ತಿದ್ದದ್ದು ಮೂಡಲಪಾಳ್ಯದ ಒಂದು ಅಡುಗೆಮನೆಯಲ್ಲಿ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು! ಅದು ನನ್ನ ಸೋದರಮಾವನ ಮನೆ, ನಾನು ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇದ್ದವನು. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ.

ಮಾವ ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನ ವಿಮೆ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಬಡವರು ಕಾರ್ಡು ತೋರಿಸಿದರೆ ಚಿಕಿತ್ಸೆಯ ಖರ್ಚನ್ನು ಸರ್ಕಾರ ಭರಿಸುತ್ತದಲ್ಲ, ಆ ಕೌಂಟರು. ಮಾಮೂಲಿ ದಿನಗಳಲ್ಲಿ ಅಪರೂಪಕ್ಕೊಂದು ಸುತ್ತೋಲೆ ಬರುತ್ತಿತ್ತು. ಕೊರೋನಾ ಬಂದದ್ದೇ ತಡ, ಸುತ್ತೋಲೆಗಳ ಸುರಿಮಳೆ! ಬೆಳಿಗ್ಗೆ ಬಂದದ್ದನ್ನು ಮಧ್ಯಾಹ್ನದ್ದು ತಿದ್ದುತ್ತಿತ್ತು, ಮಧ್ಯಾಹ್ನದ್ದನ್ನು ಸಂಜೆಯದು ರದ್ದು ಮಾಡುತ್ತಿತ್ತು. ಬೇರೆಯವರು ಅವನ್ನು ಫೈಲಿಗೆ ಸೇರಿಸಿ ಕೈ ತೊಳೆದುಕೊಂಡರು. ನಮ್ಮ ಮಾವ ಮಾತ್ರ ಮೊಬೈಲಿಗೆ ಬಂದ ಒಂದೊಂದನ್ನೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಗೆ ಓದಿ ಹೇಳುತ್ತಿದ್ದರು. ಅತ್ತೆ "ಅರ್ಥ ಆಯ್ತು" ಎನ್ನುವ ತನಕ ಅವರ ಮಟ್ಟಿಗೆ ಆ ಸುತ್ತೋಲೆ ಇನ್ನೂ ಹುಟ್ಟೇ ಇಲ್ಲ.

"ಇದೆಂಥಾ ಹುಚ್ಚು ಮಾವ?" ಎಂದು ಒಂದು ಸಲ ಕೇಳಿದ್ದೆ.

"ಕೌಂಟರ್ ಮುಂದೆ ಬಂದು ನಿಲ್ಲೋಳು ಯಾರೋ? ನಿಮ್ಮತ್ತೆ ಥರದೋಳೇ. ಕೈಯಲ್ಲಿ ಕಾರ್ಡು, ಒಳಗಡೆ ಗಂಡ. ಇವಳಿಗೇ ಅರ್ಥ ಆಗ್ದಿರೋದನ್ನ ಅವಳಿಗೆ ನಾನು ಹೆಂಗೆ ಹೇಳ್ಲಿ?"

ತೊಂದರೆ ಏನೆಂದರೆ ಅತ್ತೆಗೆ ಅಷ್ಟು ಸುಲಭಕ್ಕೆ ಅರ್ಥವಾಗುತ್ತಿರಲಿಲ್ಲ. ದಡ್ಡರೆಂದಲ್ಲ. ಹುರುಳಿಕಾಯಿ ತಾಜಾ ಇದೆ ಎಂದು ಗಾಡಿಯವನು ಆಣೆ ಇಟ್ಟರೂ ಒಂದನ್ನು ಮುರಿದು ನೋಡಿಯೇ ಒಪ್ಪುವವರು.

"'ಫಲಾನುಭವಿಯು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದೇ ದಾಖಲಾಗತಕ್ಕದ್ದು.' ಅರ್ಥ ಆಯ್ತೇನೇ?"

"ಉಸಿರು ಕಟ್ತಾ ಇದ್ರೂ ಪತ್ರ ತರಕ್ಕೆ ಹೋಗ್ಬೇಕಾ?"

"ಅದು ಇದ್ರಲ್ಲಿ ಬರ್ದಿಲ್ಲ."

"ಹಂಗಾದ್ರೆ ನಂಗೆ ಅರ್ಥ ಆಗ್ಲಿಲ್ಲ."

ಮಾವ ನಿಂತಲ್ಲಿಂದಲೇ ವಿಮೆ ಕಚೇರಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಕಾಯಿಸುವ ಸಂಗೀತ, ಒಲೆಯ ಮೇಲೆ ಕುದಿಯುವ ಸಾರು. ಕೊನೆಗೂ ಸಿಕ್ಕ ಅಧಿಕಾರಿ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು.

"ಒಳ್ಳೇ ಪಾಯಿಂಟು ಸಾರ್. ಯಾರು ಕೇಳಿದ್ದು ಇದನ್ನ?"

"ನಮ್ಮ ಮೇಡಂ, ಸಾರ್."

"ಯಾವ ಸೆಕ್ಷನ್ನು?"

ಮಾವ ಒಲೆಯ ಕಡೆ ನೋಡಿದರು. "ಅಡುಗೆ, ಸಾರ್."

ಕೆಲವು ದಿನಗಳ ಮೇಲೆ, ತುರ್ತು ಇದ್ದವರು ಮೊದಲು ದಾಖಲಾಗಿ ಪತ್ರವನ್ನು ಆಮೇಲೆ ತರಬಹುದು ಎಂಬ ತಿದ್ದುಪಡಿ ಬಂತು. ಅದು ನಮ್ಮ ಮನೆಯ ಪ್ರಶ್ನೆಯಿಂದಲೇ ಬಂದದ್ದೆಂದು ಮಾವ ಬೀದಿಗೆಲ್ಲ ಹೇಳಿಕೊಂಡು ಬಂದರು, ಮಾಸ್ಕಿನೊಳಗಿಂದಲೇ. ನನಗೇನೋ ಅನುಮಾನ. ಇಡೀ ರಾಜ್ಯದಲ್ಲಿ ಇಂಥ ಪ್ರಶ್ನೆ ಕೇಳಲು ಇದ್ದದ್ದು ಒಂದೇ ಅಡುಗೆಮನೆಯೇ?

ಈ ಪದ್ಧತಿಗೆ ನಾನೂ ಬಲಿಯಾದೆ. ಒಂದು ದಿನ ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಸೀನಿದೆ. ಸೀನಿದ್ದಷ್ಟೇ! ಮಾವ ನನ್ನನ್ನು ಮಹಡಿಗೆ ಅಟ್ಟಿ ಬಾಗಿಲು ಹಾಕಿಸಿದರು. ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಚಪ್ಪಾಳೆ ತಟ್ಟಿ ಓಡಿಹೋಗುತ್ತಿದ್ದರು. ಹೀಗಿರುವಾಗ, ಪ್ರತ್ಯೇಕವಾಗಿ ಇರಬೇಕಾದ ದಿನಗಳನ್ನು ಕಡಿಮೆ ಮಾಡಿ ಹೊಸ ಸುತ್ತೋಲೆ ಬಂತು. ನನ್ನನ್ನು ಬಿಡಿಸಲು ಮಾವ ಉತ್ಸಾಹದಿಂದ ಅರ್ಧ ಮೆಟ್ಟಿಲು ಹತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಅತ್ತೆಯ ದನಿ.

"ರೀ, ಹೊಸ ರೂಲ್ಸು ಹಳೇ ಪೇಷೆಂಟಿಗೂ ಅಪ್ಲೈ ಆಗತ್ತಾ?"

ಮಾವ ನಿಂತರು. ಯೋಚಿಸಿದರು. ಇಳಿದುಹೋಗಿ ಫೋನು ಮಾಡಿದರು. ಕಚೇರಿಯವರು ಫೋನೆತ್ತಿ ಉತ್ತರ ಹೇಳುವಷ್ಟರಲ್ಲಿ ನನ್ನ ಹಳೆಯ ಅವಧಿಯೇ ಮುಗಿದಿತ್ತು. ಅತ್ತೆಗೆ ಇದರ ಬಗ್ಗೆ ಎಳ್ಳಷ್ಟೂ ಪಶ್ಚಾತ್ತಾಪ ಇರಲಿಲ್ಲ.

ಎರಡನೇ ಅಲೆಯಲ್ಲಿ ಅತ್ತೆಗೇ ಬಂತು. ಮೊದಲು ಜ್ವರ, ಆಮೇಲೆ ಉಸಿರಾಟದ ಕಷ್ಟ. ಸರದಿಯಲ್ಲಿ ಕಾದು ಮಾವನ ನರ್ಸಿಂಗ್ ಹೋಮಿನಲ್ಲೇ ಹಾಸಿಗೆ ಸಿಕ್ಕಿತು. ಮಾವನದೂ ನನ್ನದೂ ಟೆಸ್ಟು ನೆಗೆಟಿವ್. ಸಿಬ್ಬಂದಿ ಸಾಲದೆ ಮಾವನನ್ನು ಕೆಲಸಕ್ಕೆ ಕರೆಸಿಕೊಂಡರು. ವಾರ್ಡು ಮಹಡಿಯ ಮೇಲೆ, ಕೌಂಟರು ಅದರ ಕೆಳಗೆ. ಮನೆಯವರು ಯಾರೂ ವಾರ್ಡಿಗೆ ಹೋಗುವಂತಿಲ್ಲ ಎಂಬ ಸುತ್ತೋಲೆಯನ್ನು ಗೋಡೆಗೆ ಅಂಟಿಸಿದ್ದವರು ಮಾವನೇ.

"ಕಿಟ್ ಹಾಕ್ಕೊಂಡು ಒಂದ್ನಿಮಿಷ ನೋಡ್ಕೊಂಡು ಬನ್ನಿ ಸಾರ್, ಯಾರೂ ಏನೂ ಅನ್ನಲ್ಲ" ಎಂದು ವಾರ್ಡಿನ ಸಿಸ್ಟರ್ ಕರೆದರು.

"ಬೇರೆ ಪೇಷೆಂಟ್ ಕಡೆಯೋರು ಗೇಟಲ್ಲಿ ನಿಂತಿದಾರಲ್ಲಮ್ಮ, ಅವರಿಗೆಲ್ಲ ಆಗಲ್ಲ ಅಂತ ನಾನೇ ಹೇಳಿದೀನಿ. ಈಗ ನಾನು ಹೆಂಗೆ ಬರ್ಲಿ?"

ಪಕ್ಕದಲ್ಲಿದ್ದ ನನಗೆ ಮೈಯೆಲ್ಲ ಉರಿಯಿತು. ಹೆಂಡತಿಗಿಂತ ಸುತ್ತೋಲೆ ಹೆಚ್ಚಾಯಿತೇ ಈ ಮನುಷ್ಯನಿಗೆ? ಆದರೆ ರೋಗಿಯ ಕಿವಿಗೆ ಸಿಸ್ಟರ್ ಫೋನು ಹಿಡಿಯಬಹುದು ಎಂದು ಅದೇ ಸುತ್ತೋಲೆಯಲ್ಲಿತ್ತು. ಮಾವ ಆ ಸಾಲನ್ನೇ ಹಿಡಿದುಕೊಂಡರು. ಕೌಂಟರಿನಲ್ಲಿ ಕೂತು ಆಯಾ ದಿನದ ಸುತ್ತೋಲೆಯನ್ನು ಅತ್ತೆಗೆ ಓದತೊಡಗಿದರು. ಅರ್ಥ ಆಯ್ತೇನೇ ಎಂದರೆ ಅತ್ತೆ "ಹ್ಞೂಂ" ಎನ್ನುತ್ತಿದ್ದರು. ಅದರಾಚೆಗೆ ಒಂದು ಮಾತಿಲ್ಲ.

ಊಟದ ಡಬ್ಬಿ ತಂದಿದ್ದ ನನಗೆ ಮಾವ ಹೇಳಿದರು, "ಎಲ್ಲಾದಕ್ಕೂ ಹ್ಞೂಂ ಅಂತಾಳೆ ಕಣೋ. ಹಂಗೆ ಒಂದೇ ಸಲಕ್ಕೆ ಅರ್ಥ ಆಗೋ ಸುತ್ತೋಲೆ ಅಲ್ಲ ಕಣೋ ಅವು." ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅತ್ತೆ ನಮ್ಮ ಕೈಬಿಟ್ಟು ಹೋಗಬಹುದು ಎಂದು ನನಗೆ ಹೊಳೆದದ್ದು ಆಗಲೇ, ಬಹಳ ಭಯವಾಯಿತು.

ಭಾನುವಾರ ಸುತ್ತೋಲೆ ಬರಲಿಲ್ಲ. ನಾನು ಡಬ್ಬಿ ಕೊಡಲು ಹೋದಾಗ ಮಾವ ಮೊಬೈಲನ್ನು ಮತ್ತೆ ಮತ್ತೆ ನೋಡುತ್ತಿದ್ದರು. ಆಮೇಲೆ ಸಿಸ್ಟರಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ಎದುರಿಗೆ ಏನೂ ಇಲ್ಲದೆಯೇ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಓದುವಾಗ ಒಂದು ಅಕ್ಷರ ಆಚೀಚೆ ಆದರೂ ಮೊದಲಿನಿಂದ ಓದುತ್ತಿದ್ದ ಮನುಷ್ಯ!

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೂಡಲಪಾಳ್ಯದ ಮನೆಯಲ್ಲಿ ದಿನಾ ಅನ್ನ ಸೀಯುತ್ತಿದ್ದು, ಹುಣಸೆಹಣ್ಣಿನ ಡಬ್ಬಿ ಎಲ್ಲಿದೆಯೆಂದು ಯಾರಿಗೂ ತಿಳಿಯದೇ ಇರುವುದರಿಂದ, ಸದರಿ ರೋಗಿಯು ಕೂಡಲೇ ಗುಣವಾಗಿ ಮನೆಗೆ ಹಿಂದಿರುಗತಕ್ಕದ್ದು. ತಪ್ಪಿದಲ್ಲಿ..."

ಕೌಂಟರಿನ ಮುಂದೆ ಕಾರ್ಡು ಹಿಡಿದು ನಿಂತಿದ್ದವರೂ ಫೋನಿನ ಕಡೆ ಬಗ್ಗಿದರು. ಫೋನಿನಲ್ಲಿ ಆಕ್ಸಿಜನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ, ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಾ, ಅತ್ತೆಯ ದನಿ ಬಂತು.

"ತಪ್ಪಿದ್ರೆ... ಏನ್... ಮಾಡ್ತೀರಿ?"

ಮಾವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಷ್ಟು ಜನರ ಎದುರಿಗೇ ಅತ್ತುಬಿಟ್ಟರು.

"ಪ್ರಶ್ನೆ ಕೇಳಿದ್ಲು ಕಣೋ" ಎಂದರು. "ಬದುಕ್ಕೋತಾಳೆ."